ಅಂಡರ್‌ಪಾಸ್‌ನಲ್ಲಿ ಎದುರಾದ ಎರಡು ಇಡ್ಲಿ ಗಾಡಿಗಳು

ಎಷ್ಟೇ ಕೆಲಸವಿದ್ದರೂ ಇದನ್ನು ಅರ್ಧಕ್ಕೆ ಬಿಡಬೇಡಿ... ಇದನ್ನು ಕೇಳಿದ ದಿನ ನಾನು ತಟ್ಟೆಯಲ್ಲಿದ್ದ ತಿಂಡಿಯನ್ನು ಹಾಗೇ ಬಿಟ್ಟು ಎದ್ದೆ.

ತುಮಕೂರು ಕಡೆಯ ಒಂದು ಸಣ್ಣ ಪಟ್ಟಣ. ಅಲ್ಲಿ ತಟ್ಟೆ ಇಡ್ಲಿಗೆ ಹೆಸರಾದ ಎರಡು ಹೋಟೆಲ್... ಎದುರುಬದುರು.

ಒಂದು ಗಿರಿಜಾಂಬ ಎಂಬ ಹೆಂಗಸಿನದು. ಇನ್ನೊಂದು ಆಕೆಯ ಒಡಹುಟ್ಟಿದ ತಮ್ಮ ಪಂಚಾಕ್ಷರಿಯದು.

ಮೊದಲು ಇದ್ದದ್ದು ಒಂದೇ ಹೋಟೆಲ್. ಅಪ್ಪ ತೀರಿಕೊಂಡ ಮೇಲೆ ಜಗಳ ಹತ್ತಿತು... ಬೋರ್ಡಿನಲ್ಲಿ 'ಅಸಲಿ' ಎಂದು ಬರೆಸಿಕೊಳ್ಳುವ ಹಕ್ಕು ಯಾರದು ಅಂತ!

ಅಂದಿನಿಂದ ಮಾತಿಲ್ಲ. ಒಬ್ಬರ ಮುಖ ಕಂಡರೆ ಇನ್ನೊಬ್ಬರು ರಸ್ತೆಗೆ ಉಗುಳುವಷ್ಟು ದ್ವೇಷ.

ಹೀಗಿರುವಾಗ ಪಂಚಾಕ್ಷರಿ ಒಂದು ಮಿನಿ ಲಾರಿ ಕೊಂಡು, ಅದರ ಮೇಲೆ ಫೈಬರ್‌ನಲ್ಲಿ ದೈತ್ಯ ತಟ್ಟೆ ಇಡ್ಲಿ ಮಾಡಿಸಿ ಕೂರಿಸಿದ. ಅದಕ್ಕೆ ಕಣ್ಣು, ಹುರಿಮೀಸೆ, ಹಲ್ಲು ಬಿಟ್ಟ ನಗು... ಅಂಚು ಲಾರಿಯ ಎರಡೂ ಕಡೆ ಚಾಚಿಕೊಂಡಿತ್ತು.

ಊರಿಗೆ ಊರೇ ಹುಚ್ಚಾಯಿತು! ಮಕ್ಕಳು ಹಿಂದೆ ಓಡಿದರು. ಹುಡುಗರು ರೀಲ್ಸ್ ಮಾಡಿದರು. ಮದುವೆ ಗಂಡು-ಹೆಣ್ಣು ಅದರ ಮುಂದೆ ಫೋಟೋ ಶೂಟ್ ಮಾಡಿಸಿದರು. ಆ ವರ್ಷ ಒಂದು ಬೀದಿಯ ಗಣಪತಿಯೂ ಇಡ್ಲಿ ಗಾಡಿಯ ಮೇಲೆ ಕೂತ!

ಗಿರಿಜಾಂಬಳಿಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ತಾನೂ ಒಂದು ಲಾರಿ ಕೊಂಡು, ಅದರ ಮೇಲೆ ತಮ್ಮನದಕ್ಕಿಂತ ದೊಡ್ಡ ಇಡ್ಲಿ ಮಾಡಿಸಿ ಕೂರಿಸಿದಳು... ಮೇಲೊಂದು ಬೆಣ್ಣೆ ಮುದ್ದೆ, ಜೊತೆಗೆ ಮೈಕು.

"ನಕಲಿ ಇಡ್ಲಿ ತಿಂದು ಹೊಟ್ಟೆ ಕೆಡಿಸ್ಕೋಬೇಡಿ!" ಎಂದು ಅಕ್ಕನ ಗಾಡಿ ಕೂಗಿದರೆ...

"ಹೊಟ್ಟೆಕಿಚ್ಚಿಗೆ ನಮ್ಮಲ್ಲಿ ಔಷಧಿ ಇಲ್ಲ, ಇಡ್ಲಿ ಮಾತ್ರ ಇದೆ!" ಎಂದು ಮೈಕು ಹಾಕಿಸಿಕೊಂಡ ತಮ್ಮನ ಗಾಡಿಯೂ ಕೂಗುತ್ತಿತ್ತು. ಜನ ನಕ್ಕರು, ವಿಡಿಯೋ ಮಾಡಿ ಹಂಚಿದರು. ಇಬ್ಬರ ವ್ಯಾಪಾರವೂ ಏರಿತು. ಹಗೆಯೂ ಏರಿತು.

ಒಂದು ಭಾನುವಾರ ಬೆಳಗ್ಗೆ... ರೈಲ್ವೆ ಅಂಡರ್‌ಪಾಸ್‌ನೊಳಗೆ ಎರಡು ಇಡ್ಲಿಗಳೂ ಎದುರಾದವು.

ಒಂದಕ್ಕೇ ಸಾಲುವ ಜಾಗ. ಒಬ್ಬರು ರಿವರ್ಸ್ ತೆಗೆಯಲೇಬೇಕು. ಇಬ್ಬರೂ ಅವತ್ತು ತಮ್ಮ ತಮ್ಮ ಗಾಡಿಯಲ್ಲೇ ಕೂತಿದ್ದರು.

"ಒಂದಿಂಚೂ ಅಲ್ಲಾಡಿಸ್ಬೇಡ ಕಣೋ!" ಗಿರಿಜಾಂಬ ಡ್ರೈವರ್‌ಗೆ ಹೇಳಿದಳು.

"ಎಂಜಿನ್ ಆಫ್ ಮಾಡು. ಸಾಯಂಕಾಲದ ತನಕ ಬೇಕಾದ್ರೆ ನಿಲ್ಲಲಿ ಅವ್ಳು!" ಅತ್ತ ಪಂಚಾಕ್ಷರಿ ಹೇಳಿದ.

ಹಿಂದೆ ಬೈಕು, ಆಟೋ, ಕಾರುಗಳ ಸಾಲು ಬೆಳೆಯಿತು. ಹಾರ್ನ್, ಬೈಗುಳ... ಜನ ಮೊಬೈಲ್ ಎತ್ತಿ ಹಿಡಿದು ನಗುತ್ತಿದ್ದರು.

ಅಷ್ಟರಲ್ಲಿ ಗಿರಿಜಾಂಬಳ ಗಾಡಿಯ ಹಿಂದಿನ ಸಾಲಿನಿಂದ ಒಬ್ಬ ಮನುಷ್ಯ ಅವಳ ಬಳಿಗೆ ನಡೆದು ಬಂದ. ಹೆಸರು ಲಿಂಗರಾಜು, ಪೇಂಟಿಂಗ್ ಕೆಲಸದವನು. ಕಣ್ಣು ಕೆಂಪಗಾಗಿತ್ತು.

"ಅಕ್ಕಾ... ಸ್ವಲ್ಪ ಹಿಂದಕ್ಕೆ ತಗೊಳ್ಳಿ. ವ್ಯಾನಲ್ಲಿ ನಮ್ಮವ್ವ ಅವ್ಳೆ."

"ಹೋಗಿ ಅವನಿಗೆ ಹೇಳು. ಅವನು ತೆಗೆದ್ರೆ ನಿಮ್ಮವ್ವ ಹೋಗ್ತಾಳೆ!"

ಲಿಂಗರಾಜು ಗೋಡೆಗೆ ಒರಗಿಕೊಂಡು ಆ ಕಡೆ ದಾಟಿ, ಪಂಚಾಕ್ಷರಿಗೆ ಕೈ ಮುಗಿದ. "ಅಣ್ಣಾ, ನೀವಾದ್ರೂ..."

ಪಂಚಾಕ್ಷರಿ ಅವನ ಮುಖವನ್ನೂ ನೋಡಲಿಲ್ಲ. "ಅಷ್ಟು ಅರ್ಜೆಂಟಿದ್ರೆ ನಿಮ್ಮವ್ವನ್ನ ಇಳಿಸಿ ನಡೆಸ್ಕೊಂಡು ಹೋಗಯ್ಯ. ಈ ಕಡೆ ಆಟೋ ಸಿಗುತ್ತೆ."

ಲಿಂಗರಾಜು ಮುಗಿದ ಕೈ ಕೆಳಗಿಳಿಸಿದ. ಬಂದ ದಾರಿಯಲ್ಲೇ ವ್ಯಾನಿಗೆ ಹಿಂದಿರುಗಿದ.

ಸ್ವಲ್ಪ ಹೊತ್ತಿಗೆ ಜನರ ನಗು ನಿಂತಿತು. ಎತ್ತಿದ್ದ ಮೊಬೈಲ್‌ಗಳು ಒಂದೊಂದಾಗಿ ಕೆಳಗಿಳಿದವು.

ನಾಲ್ವರು ಹೆಗಲ ಮೇಲೆ ಚಟ್ಟ ಹೊತ್ತು ಬರುತ್ತಿದ್ದರು.

ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ ಒಂದು ಪುಟ್ಟ ಮುದಿ ದೇಹ... ಸ್ಮಶಾನ ಇದ್ದದ್ದು ಹಳಿಯ ಆಚೆ.

ಇಡ್ಲಿಯ ಅಂಚಿಗೂ ಗೋಡೆಗೂ ನಡುವೆ ದಾರಿ ಸಾಲದು. ಚಟ್ಟವನ್ನು ಓರೆ ಮಾಡಿದರು. ಹೂವಿನ ಹಾರ ಫೈಬರ್ ಅಂಚಿಗೆ ಸಿಕ್ಕಿ ಹರಿಯಿತು. ಹೆಣ ಜಾರದಂತೆ ಲಿಂಗರಾಜು ತಾಯಿಯ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮೇಲೆ ಮೈಕು ಇನ್ನೂ ಕೂಗುತ್ತಲೇ ಇತ್ತು... "ಬನ್ನಿ ಬನ್ನಿ, ಬಿಸಿಬಿಸಿ ತಿನ್ನಿ!"

ಪಂಚಾಕ್ಷರಿಯ ಕಿಟಕಿ ಬಳಿ ಬಂದಾಗ ಲಿಂಗರಾಜು ತಲೆ ಎತ್ತಿದ.

"ನೀವು ಹೇಳ್ದಂಗೇ ಇಳಿಸಿದೀನಿ ಅಣ್ಣ... ನಡೆಯೋಕೆ ಮಾತ್ರ ಆಗಲ್ಲ ಅವ್ಳ ಕೈಲಿ."

ಗಿರಿಜಾಂಬ ಓಡಿ ಬಂದು ಹೆಗಲು ಕೊಡಲು ಕೈ ಚಾಚಿದಳು.

"ಮುಟ್ಬೇಡಿ!" ಲಿಂಗರಾಜು ಗುಡುಗಿದ. "ಹೋಗಿ ನಿಮ್ಮ ಇಡ್ಲಿ ಕಾಯ್ಕೊಳ್ಳಿ."

ಚಟ್ಟ ದಾಟಿ ಹೋಯಿತು. ಆಮೇಲೆ ಎರಡೂ ಗಾಡಿಗಳು ಹಿಂದೆ ಸರಿದವು. ಅಂಡರ್‌ಪಾಸ್ ಖಾಲಿ ಖಾಲಿ... ದಾರಿ ಬೇಕಿದ್ದವಳು ಮಾತ್ರ ಹೋಗಿಯಾಗಿತ್ತು.

ತಿಥಿಯ ದಿನ ಅಕ್ಕ ತಮ್ಮ ಒಬ್ಬರಿಗೊಬ್ಬರು ಹೇಳದೆ ಲಿಂಗರಾಜುವಿನ ಮನೆಗೆ ಹೋದರು. ಇಬ್ಬರಿಗೂ ಹೊಸಲು ದಾಟಲು ಆಗಲಿಲ್ಲ.

"ಇಲ್ಲಿ ಬಂದು ಅತ್ರೆ ನಿಮ್ಮ ಎದೆ ಹಗುರಾಗುತ್ತೆ," ಅಂದ ಲಿಂಗರಾಜು. "ನನಗೇನು ಸಿಗುತ್ತೆ? ಹೋಗಿ."

ಬಾಗಿಲು ಮುಚ್ಚಿತು.

ಬೀದಿಯಲ್ಲಿ ನಿಂತು ಗಿರಿಜಾಂಬ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನೀನು ಹಿಂದಕ್ಕೆ ತೆಗೀಬೋದಿತ್ತು ಕಣೋ..."

"ನೀನೂ ತೆಗೀಬೋದಿತ್ತು ಅಕ್ಕ..."

ವರ್ಷಗಳ ನಂತರ ಅವರಾಡಿದ ಮೊದಲ ಮಾತು ಅದು. ಅದೂ ಜಗಳವೇ. ಆದರೆ ಈ ಸಲ ಇಬ್ಬರೂ ಅಳುತ್ತಿದ್ದರು.

ಮರುದಿನವೇ ಎರಡೂ ಗಾಡಿಗಳ ಫೈಬರ್ ಇಡ್ಲಿ ಬಿಚ್ಚಿಸಿ ಗುಜರಿಗೆ ಹಾಕಿದರು. ಮಕ್ಕಳು "ಇಡ್ಲಿ ಗಾಡಿ ಎಲ್ಲಿ?" ಎಂದು ಕೇಳಿದರೆ ಈಗಲೂ ಇಬ್ಬರೂ ಎದ್ದು ಒಳಗೆ ಹೋಗಿಬಿಡುತ್ತಾರೆ.

ಲಿಂಗರಾಜು ಇವತ್ತಿಗೂ ಆ ಎರಡು ಹೋಟೆಲ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲ...

*ಹಟದಲ್ಲಿ ಗೆದ್ದವರು ಯಾರೇ ಆಗಲಿ, ಸೋಲುವವರು ಹಿಂದೆ ಸುಮ್ಮನೆ ಕಾಯುತ್ತಾ ನಿಂತವರು.*

ನೀವೂ ಯಾರ ಮೇಲೋ ಹಟ ಹಿಡಿದು ನಿಂತಿದ್ದೀರಾ...? ನಿಮ್ಮ ಹಿಂದೆ ಯಾರು ಕಾಯುತ್ತಿದ್ದಾರೆ ಎಂದು ಒಮ್ಮೆಯಾದರೂ ತಿರುಗಿ ನೋಡಿದ್ದೀರಾ?