ಬಾಡಿಗೆ ಅಭಿಮಾನಿ

ಕೌಶಿಕ್‌ನನ್ನು ಗುಂಪಿನಿಂದ ಹೊರಹಾಕಲು ಒಂದು ಬಟನ್ ಒತ್ತಿದರೆ ಸಾಕಿತ್ತು. ಅಡ್ಮಿನ್ ಅಶ್ವಿತ್ ಎರಡು ದಿನಗಳಿಂದ ಅದಕ್ಕೊಂದು ಕಾರಣ ಹುಡುಕುತ್ತಿದ್ದ.

ಸಿಂಗಾಪುರದ ಕನ್ನಡ ಗೇಮರ್‌ಗಳ ಆ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತನಾಲ್ಕು ಜನರಿದ್ದರು. ಆರು ತಿಂಗಳಿಂದ ಅಲ್ಲಿ ಒಂದೇ ಜಗಳ. ಫೆಬ್ರುವರಿಯಲ್ಲಿ ಎರಡು ಕನ್ಸೋಲ್ ಆಟಗಳು ಒಂದೇ ದಿನ ಬಿಡುಗಡೆಯಾಗಲಿದ್ದವು. ಒಂದು ‘ಐರನ್ ಮಾನ್ಸೂನ್’: ಬರೀ ಬಂದೂಕು, ಬಂಕರು, ಹೊಗೆ. ಇನ್ನೊಂದು ‘ನುರೆಗಾಮಿ’: ಜಪಾನಿನ ಪಾಳುಬಿದ್ದ ಸ್ನಾನಗೃಹದಲ್ಲಿ ಒದ್ದೆ ಕೂದಲಿನ ಹೆಂಗಸೊಬ್ಬಳು ಓಡಾಡುವ ದೆವ್ವದ ಆಟ. ಎರಡನ್ನೂ ಯಾರೂ ಇನ್ನೂ ಆಡಿರಲಿಲ್ಲ. ಆದರೂ ನಾಲ್ಕು ಸಲ ಆಡಿ ಮುಗಿಸಿದವರ ಹಾಗೆ ಎಲ್ಲರೂ ವಾದಿಸುತ್ತಿದ್ದರು. ಬಂದೂಕಿನ ಪಕ್ಷಕ್ಕೆ ಅಶ್ವಿತ್ ನಾಯಕ. ದೆವ್ವದ ಪಕ್ಷಕ್ಕೆ ದಿಶಾ ಎಂಬ ಹುಡುಗಿ ನಾಯಕಿ.

ಅಶ್ವಿತ್‌ಗೆ ಇದು ಹವ್ಯಾಸವಲ್ಲ, ಹೊಟ್ಟೆಪಾಡು. ಒನ್-ನಾರ್ತ್ ಬಡಾವಣೆಯ ಪ್ರಚಾರ ಕಂಪನಿಯೊಂದರ ನಾಲ್ಕನೇ ಮಹಡಿಯಲ್ಲಿ ಕೂತು ಅಭಿಮಾನಿಯ ಹಾಗೆ ಬರೆಯುವುದು ಅವನ ಉದ್ಯೋಗ. ಉಡುಪಿಯಿಂದ ಅಮ್ಮ ಫೋನ್ ಮಾಡಿ ಕೇಳಿದರೆ ‘ಐಟಿ’ ಎಂದು ಮಾತು ಮುಗಿಸುತ್ತಿದ್ದ. ಒಂದೊಂದು ಭಾಷೆಯೂ ಒಂದೊಂದು ಮಾರುಕಟ್ಟೆ ಎಂದು ಮ್ಯಾನೇಜರ್ ನಿಶ್ಮಿತಾ ಮೊದಲ ದಿನವೇ ಹೇಳಿದ್ದಳು. ಬೇರೆ ಮಹಡಿಯವರ ಜೊತೆ ಕೆಲಸದ ಮಾತು ಕೂಡದು ಎಂದೂ ಹೇಳಿದ್ದಳು. ಪ್ರತಿ ಶುಕ್ರವಾರ ಅವಳಿಗೆ ವರದಿ ಹೋಗಬೇಕು: ಈ ವಾರ ಎಷ್ಟು ಮನಸ್ಸು ನಮ್ಮ ಕಡೆ ತಿರುಗಿತು?

ಕೌಶಿಕ್‌ನ ಮನಸ್ಸು ಮಾತ್ರ ತಿರುಗುತ್ತಿರಲಿಲ್ಲ. ಯಿಶುನ್‌ನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಎಂದು ಹೇಳಿಕೊಂಡಿದ್ದ ಅವನು ಬರೆಯುತ್ತಿದ್ದುದೆಲ್ಲ ಪುಟಗಟ್ಟಲೆ. ನುರೆಗಾಮಿಯ ಟ್ರೇಲರ್ ನಿಲ್ಲಿಸಿ ನಿಲ್ಲಿಸಿ ನೋಡಿ, ಗೋಡೆಯ ಎಷ್ಟು ಟೈಲ್ಸ್ ಒಡೆದಿವೆ ಎಂದು ಎಣಿಸಿದ್ದ. ನಲ್ಲಿ ತೊಟ್ಟಿಕ್ಕುವ ಸದ್ದು ಯಾಕೆ ಎಡಗಿವಿಯಲ್ಲೇ ಕೇಳುತ್ತದೆ ಎಂಬುದಕ್ಕೆ ಹದಿನಾಲ್ಕು ಸಾಲು. ದೀಪಾವಳಿಯ ದಿನ, ಊಟಕ್ಕೆ ಮೊದಲು ಎರಡು, ಊಟವಾದ ಮೇಲೆ ಎರಡು ಸಂದೇಶ. ಕೊನೆಗೆ ತಾನೇ ಹೊಗಳಿದ ಆಟವನ್ನು ತಾನೇ ಬೈಯುತ್ತಿದ್ದ: ಕ್ಯಾಮೆರಾ ಸರಿಯಿಲ್ಲ, ದ್ವಿತೀಯಾರ್ಧ ಸಪ್ಪೆಯಾಗಬಹುದು.

ಆ ಬೈಗುಳದಲ್ಲೇ ಅಶ್ವಿತ್‌ಗೆ ಗುಟ್ಟು ಹೊಳೆಯಿತು. ಸ್ವಲ್ಪ ಬೈದು ನಂಬಿಕೆ ಗಳಿಸು ಎಂಬುದು ಅವನಿಗೇ ತರಬೇತಿಯಲ್ಲಿ ಕಲಿಸಿದ ಪಾಠ. ಇವನು ಎದುರಾಳಿ ಕಂಪನಿಯವನೇ. ಇಷ್ಟೊಂದು ಪ್ರೀತಿಯನ್ನು ಯಾರೂ ಪುಕ್ಕಟೆ ಬರೆಯುವುದಿಲ್ಲ.

ಇವನ ಪಕ್ಕದಲ್ಲಿಟ್ಟು ನೋಡಿದರೆ ಶಿವರಾಮ್ ಅಂಕಲ್ ದೇವರಂಥವರು. ಮೈಸೂರಿನವರು, ಪಾಯಾ ಲೆಬಾರ್‌ನ ಬ್ಯಾಂಕಿನಲ್ಲಿ ಕೆಲಸವಂತೆ. ಶನಿವಾರ, ಭಾನುವಾರ, ಹಬ್ಬದ ದಿನ ಗುಂಪಿನ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಸಂಸಾರಸ್ಥರು ಎಂದರೆ ಹೀಗಿರಬೇಕು ಎಂದುಕೊಳ್ಳುತ್ತಿದ್ದ ಅಶ್ವಿತ್. ಏನೂ ಗೊತ್ತಿಲ್ಲದವರ ಹಾಗೆ ಅವರು ಕೇಳುವ ಪ್ರಶ್ನೆಗಳಿಗೆ ಅವನ ಬಳಿ ಉತ್ತರ ಸಿದ್ಧವಾಗೇ ಇರುತ್ತಿತ್ತು.

ಸೋಮವಾರ ಅಶ್ವಿತ್ ಗುಂಪಿನಲ್ಲೇ ಕೇಳಿಬಿಟ್ಟ: ಕೌಶಿಕ್, ನಿನಗೆ ದುಡ್ಡು ಕೊಡುತ್ತಿರುವವರು ಯಾರು?

‘ಇದಕ್ಕೆಲ್ಲ ದುಡ್ಡು ಕೊಡ್ತಾರಾ?’ ಎಂದು ಕೌಶಿಕ್ ಮರುಪ್ರಶ್ನೆ ಹಾಕಿದ.

ಎಂಥ ಕೊಬ್ಬು ಎನಿಸಿ ಅಶ್ವಿತ್ ಬಟನ್ ಒತ್ತಿದ. ಉಳಿದ ಇಪ್ಪತ್ತೆರಡು ಜನರೂ ಹೆಬ್ಬೆರಳು ಎತ್ತಿದರು. ದಿಶಾ ಕೂಡ.

ಅರ್ಧ ಗಂಟೆಯಲ್ಲಿ ಶಿವರಾಮ್ ಬರೆದರು. ಇನ್ನು ತಾವು ನಂಬುವುದು ಅಶ್ವಿತ್ ಒಬ್ಬನನ್ನೇ. ಅವನು ಹೇಳಿದ ಎಂದೇ ಐರನ್ ಮಾನ್ಸೂನ್ ಪ್ರೀ-ಆರ್ಡರ್ ಮಾಡಿದ್ದಾರಂತೆ. ಮಗಳೂ ತಾವೂ ಜೋಡಿಯಾಗಿ ಆಡಲೆಂದು ಒಂದು ವಾರ ರಜೆಯನ್ನೂ ಹಾಕಿದ್ದಾರಂತೆ.

ಅಶ್ವಿತ್‌ನ ಕೈಯಲ್ಲಿದ್ದ ಊಟದ ಚಮಚ ಅಲ್ಲೇ ನಿಂತಿತು. ಇಬ್ಬರು ಜೋಡಿಯಾಗಿ ಆಡುವ ಸೌಲಭ್ಯವನ್ನು ಆಟದಿಂದ ಕಿತ್ತುಹಾಕಿದ್ದಾರೆ ಎಂದು ಹೋದ ತಿಂಗಳೇ ಅವನಿಗೆ ತಿಳಿದಿತ್ತು. ತಿಳಿದೂ ಅದನ್ನೇ ಹೊಗಳಿ ಮೂರು ಸಲ ಬರೆದಿದ್ದ. ಅಪ್ಪ, ಮಗಳು, ಎರಡು ಕಂಟ್ರೋಲರ್, ಒಬ್ಬರಿಗಷ್ಟೇ ಆಟ. ಆ ಚಿತ್ರ ನಾಲ್ಕು ದಿನವಾದರೂ ಕಣ್ಣಿಂದ ಹೋಗಲಿಲ್ಲ.

ಶುಕ್ರವಾರ ವರದಿಯ ಬದಲು ರಾಜೀನಾಮೆ ಕಳಿಸಿದ. ವರ್ಕ್ ಪಾಸ್ ರದ್ದಾದರೆ ಮೂವತ್ತು ದಿನದಲ್ಲಿ ಊರಿಗೆ ಹೊರಡಬೇಕಾದೀತು ಎಂದು ನಿಶ್ಮಿತಾ ಎಚ್ಚರಿಸಿದಳು. ಗೊತ್ತು ಎಂದ. ಕಾರಣವೇನೆಂದು ಕೇಳಿದಳು. ಒಬ್ಬ ಅಂಕಲ್‌ಗೆ ಮೋಸ ಮಾಡಿದ್ದೇನೆ ಎಂದ. ಲಿಫ್ಟಿನಲ್ಲಿ ಇಳಿಯುವಾಗ, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಎದೆ ಹಗುರವಾಗಿತ್ತು.

ಭೇಟಿಯಾಗಬೇಕೆಂದು ಅವನೇ ಮೆಸೇಜ್ ಮಾಡಿದ್ದ; ಮರುದಿನ ಮಧ್ಯಾಹ್ನ ಪಾಯಾ ಲೆಬಾರ್‌ನ ಹಾಕರ್ ಸೆಂಟರ್‌ನ ತಿಂಡಿ ಅಂಗಡಿಗಳ ನಡುವೆ ಶಿವರಾಮ್ ಅವನಿಗಾಗಿ ಕಾದಿದ್ದರು. ಎಲ್ಲೋ ನೋಡಿದ ಮುಖ. ಅಶ್ವಿತ್ ಕೂತವನೇ ಎಲ್ಲವನ್ನೂ ಒಪ್ಪಿಕೊಂಡ: ಸಂಬಳ, ಸುಳ್ಳು, ಜೋಡಿ ಆಟ, ರಾಜೀನಾಮೆ. ಪ್ರೀ-ಆರ್ಡರ್ ಇವತ್ತೇ ಕ್ಯಾನ್ಸಲ್ ಮಾಡಿ, ಮಗಳಿಗೂ ನಾನೇ ಸಾರಿ ಹೇಳುತ್ತೇನೆ ಎಂದ.

ಶಿವರಾಮ್ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

‘ರಿಸೈನ್ ಮಾಡೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?’ ಎಂದರು. ‘ನಾನು ನಿಮ್ಮದೇ ಆಫೀಸು ಕಣಪ್ಪ. ಆರನೇ ಫ್ಲೋರ್. ಡೌಟ್ ಕೇಳೋದು, ಆಮೇಲೆ ನಂಬೋದು, ಅದೇ ನನ್ನ ಕೆಲಸ. ನನಗೆ ಮಗಳೂ ಇಲ್ಲ.’

ದಿಶಾ ಯಾರು ಎಂದು ಅಶ್ವಿತ್ ಕೇಳಿದ. ಐದನೇ ಮಹಡಿ, ದೆವ್ವದ ಆಟದವರೂ ನಮ್ಮ ಕಂಪನಿಯ ಗಿರಾಕಿಗಳೇ ಎಂದರು ಅವರು. ಉಳಿದವರು? ಅವರೂ ಐದು, ಆರನೇ ಮಹಡಿಗಳಲ್ಲಿ ಹಂಚಿಹೋಗಿದ್ದರು.

‘ಹಾಗಾದ್ರೆ ಕೌಶಿಕ್ ಯಾವ ಫ್ಲೋರ್?’

‘ಅವನು ಯಾವ ಫ್ಲೋರೂ ಅಲ್ಲ,’ ಎಂದರು ಶಿವರಾಮ್. ‘ಆ ಗುಂಪಲ್ಲಿ ಇದ್ದ ಗೇಮರ್ ಅಂದ್ರೆ ಅವನೊಬ್ಬನೇ. ನಾವು ಇಪ್ಪತ್ತಮೂರು ಜನ ಸೇರಿ ಆರು ತಿಂಗಳಿಂದ ಒಪ್ಪಿಸ್ತಾ ಇದ್ದಿದ್ದು ಅವನನ್ನೇ.’