ಮೆಟ್ಟಿಲ ಮೇಲಿನ ಹಾಲು

ಮೊನ್ನೆಯ ಹಾಲಿನ ಬಾಟಲಿ ಮೆಟ್ಟಿಲ ಮೇಲೆ ಹಾಗೇ ನಿಂತಿತ್ತು. ಪಕ್ಕದಲ್ಲಿ ನಿನ್ನೆಯದು. ಈಗ ಹಾಲು ಹಾಕುವ ಕ್ಲೆಮ್ ಇವತ್ತಿನದನ್ನೂ ತಂದಿಟ್ಟ. ಗಾಜಿನಾಚೆ ಅವನ ಬೂಟುಗಳನ್ನು ವಿನಿಫ್ರೆಡ್ ನೋಡುತ್ತಿದ್ದಳು. ಇಷ್ಟಾದರೂ ಈ ಮನುಷ್ಯನಿಗೆ ಅನುಮಾನ ಬರಬಾರದೆ?

ಯಾರ್ಕ್‌ಶೈರಿನ ಆ ಬೀದಿಗೆ ವಿನಿಫ್ರೆಡ್ ಎಂದರೆ ಗಾದೆಗಳ ಖಜಾನೆ. ಮದುವೆಯಿರಲಿ, ಸಾವಿರಲಿ, ಒಲೆ ಹತ್ತದ ಬೆಳಗಿರಲಿ, ಅಜ್ಜಿಯ ಕಾಲದ ಮಾತೊಂದು ಅವಳ ಬಾಯಲ್ಲಿ ಸಿದ್ಧ. ಕೆಲವನ್ನು ಕಸೂತಿ ಹಾಕಿ ಚೌಕಟ್ಟು ಕಟ್ಟಿಸಿದ್ದಳು. ಎಲ್ಲಕ್ಕಿಂತ ಪ್ರಿಯವಾದದ್ದು ‘ಬೇಲಿ ಗಟ್ಟಿಯಿದ್ದರೆ ನೆರೆಹೊರೆ ಚೆನ್ನ’ ಎಂಬುದು. ಇನ್ನೊಬ್ಬರ ಮನೆಯಲ್ಲಿ ಮೂಗು ತೂರಿಸುವವರನ್ನು ಕಂಡರೆ ಅವಳಿಗೆ ಆಗದು. ಹೊಸದಾಗಿ ಬಂದವರಿಗೂ ಅದೇ ಪಾಠ. ಇಡೀ ಬೀದಿ ಅದನ್ನು ಚೆನ್ನಾಗಿ ಕಲಿತಿತ್ತು.

ಇವತ್ತು ಅದೇ ವಿನಿಫ್ರೆಡ್, ಯಾರಾದರೂ ಬಂದು ಆ ಬಾಗಿಲು ತಟ್ಟಲಿ ಎಂದು ದೇವರಲ್ಲಿ ಮೊರೆಯಿಡುತ್ತಿದ್ದಳು.

ಕ್ಲೆಮ್‌ನ ಬೂಟುಗಳ ಪಕ್ಕ ಒಂದು ಜೊತೆ ಕಂದು ಷೂ ಬಂದು ನಿಂತಿತು. ಹಿಲ್ಡಾ, ಮೂಲೆಮನೆಯವಳು.

“ಏನೋ ಕ್ಲೆಮ್, ಹಾಲು ಒಳಗೇ ತಗೊಂಡಿಲ್ವಲ್ಲ?”

“ತಂಗಿ ಮನೆಗೆ ಹೋಗಿರ್ಬೇಕು ಕಣಮ್ಮ.”

“ಹೋಗೋರು ಹಾಲು ಬೇಡ ಅಂತ ಖಾಲಿ ಬಾಟ್ಲೀಲಿ ಚೀಟಿ ಇಡ್ತಾರಲ್ವಾ? ಒಂದ್ಸಲ ತಟ್ಟಿ ನೋಡು.”

“ಅಯ್ಯೋ, ಬೇಕಾದ್ರೆ ನೀವೇ ತಟ್ಟಿ. ಹೋದ ಚಳಿಗಾಲ ತಟ್ಟಿ ಉಗಿಸ್ಕೊಂಡಿದ್ದು ಇನ್ನೂ ಕಿವೀಲಿದೆ.”

“ನನಗ್ಯಾಕಪ್ಪ? ಬೇಲಿ ಹಾರೋ ಬುದ್ಧಿ ನನಗಿಲ್ಲ.”

ತಾನೇ ಕಲಿಸಿದ ಮಾತು ಕೇಳಿ ವಿನಿಫ್ರೆಡ್‌ಗೆ ಅಳು ಬಂತು. ತಟ್ಟಿ, ತಟ್ಟಿ ಎಂದು ಕೂಗಿದಳು. ಒಣಗಿದ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಊರುಗೋಲು ಚಾಚಿ ಗಾಜನ್ನು ಬಡಿಯಲು ನೋಡಿದಳು. ಎಟುಕಲಿಲ್ಲ.

ಹಿಲ್ಡಾ ಒಂದು ಮೆಟ್ಟಿಲು ಹತ್ತಿದಳು. ವಿನಿಫ್ರೆಡ್ ಊರುಗೋಲನ್ನು ಮತ್ತೆ ಚಾಚಿದಳು.

“ಪಾಪ, ಬಿಸಿಲಿಗೆ ಕೆಟ್ಟೋಗತ್ತೆ,” ಎನ್ನುತ್ತಾ ಹಿಲ್ಡಾ ಬಾಟಲಿಗಳನ್ನು ಒಂದೊಂದಾಗಿ ಬಾಗಿಲ ಬುಡದ ನೆರಳಿಗೆ ಸರಿಸಿಟ್ಟಳು. ಆಮೇಲೆ ಇಬ್ಬರ ಹೆಜ್ಜೆ ಸಪ್ಪಳವೂ ದೂರವಾಯಿತು.

ಸೊಂಟ ಮುರಿದು, ತನ್ನದೇ ಬಾಗಿಲ ಒಳಗೆ ಮೊನ್ನೆಯಿಂದ ನೆಲಹಿಡಿದು ಬಿದ್ದಿದ್ದ ವಿನಿಫ್ರೆಡ್‌ಗೆ ಬಾಗಿಲ ತಳದ ಗಾಜಿನಲ್ಲಿ ಈಗ ಹಾಲಿನ ಬಿಳುಪಲ್ಲದೆ ಬೇರೇನೂ ಕಾಣಿಸಲಿಲ್ಲ.