ಮೀಸೆ ಮುಟ್ಟಿದ ಹುಲಿ

“ಹುಲಿ ಕಡೀಕ ನೋಡೂಣು. ಮದಲ ಮಂಗ್ಯಾ, ಆಮ್ಯಾಲ ಗಿಳಿ, ಆಮ್ಯಾಲ ಹೆಬ್ಬಾವು,” ಎಂದು ಟಿಕೆಟ್ ಕೈಗೆ ಬರುವ ಮೊದಲೇ ರಾವಸಾಹೇಬ ಹುಕುಂ ಹೊರಡಿಸಿದ. ಸರ್ಕಸ್ಸಿನಲ್ಲಿ ಇನ್ನೂ ಹುಲಿ ಇರುತ್ತಿದ್ದ ಕಾಲ. ಹಾರೂಗೇರಿಯ ಬಯಲಿನಲ್ಲಿ ಡೇರೆ ಹಾಕಿದವರು ಪಕ್ಕದಲ್ಲೇ ಪ್ರಾಣಿಗಳ ಪ್ರದರ್ಶನವನ್ನೂ ಇಟ್ಟಿದ್ದರು. ಅಂದು ಕಡೆಯ ದಿನ. ಅರ್ಧ ತಾಸಿನಲ್ಲಿ ಗೇಟು ಮುಚ್ಚುತ್ತೇವೆಂದು ಮೈಕಿನವನು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಗಂಟಲು ಹರಿದುಕೊಳ್ಳುತ್ತಿದ್ದ.

“ಮಂಗ್ಯಾ ನೋಡಾಕ ಟಿಕೀಟ ಯಾಕ್ರಿ? ನಮ್ಮ ಮಾಳಿಗಿ ಮ್ಯಾಲ ದಿನಾ ಬಂದ ಕುಂದರತಾವು. ನನಗ ಹುಲಿ ತೋರಸ್ರಿ,” ಎಂದಳು ಹೆಂಡತಿ ಕಸ್ತೂರೆವ್ವ. ಕೊಕಟನೂರಿನ ಅವಳ ತವರಿನಿಂದ ಅಂಕಲಿಗೆ ಮರಳುತ್ತಿದ್ದವರು ಬಸ್ಸು ಬದಲಿಸಲು ಇಲ್ಲಿ ಇಳಿದಿದ್ದರು. ತವರಿನವರು ಮಡಿಲು ತುಂಬಿ ಕಳಿಸಿದ ಉಡಿ ಇನ್ನೂ ಸೆರಗಿನಲ್ಲಿ ಗಂಟಾಗಿಯೇ ಇತ್ತು: ಜೋಳ, ಬೆಲ್ಲ, ಕೊಬ್ಬರಿ, ರವಿಕೆ ಹೊಲಿಸಲೆಂದು ಒಂದು ಹಸಿರು ಕುಬಸದ ಕಣ.

ಅವಳ ಹಟಕ್ಕೆ ಕಾರಣವಿತ್ತು. ರಾವಸಾಹೇಬ ಹುಡುಗನಾಗಿದ್ದಾಗ ಕೊಲ್ಲಾಪುರದಲ್ಲಿ ಹುಲಿ ನೋಡಿದ್ದ. ನೋಡಿದ್ದಷ್ಟೇ ಅಲ್ಲ, ಅದರ ಮೀಸೆ ಮುಟ್ಟಿ ಬಂದಿದ್ದ! ಅಂಕಲಿಯಲ್ಲಿ ಈ ಕಥೆ ಕೇಳದ ಕಿವಿಯೇ ಇಲ್ಲ. ಎತ್ತು ಕೊಳ್ಳುವ ಮಾತಿರಲಿ, ಮಗಳಿಗೆ ವರ ನೋಡುವ ಮಾತಿರಲಿ, ಕಸ್ತೂರೆವ್ವ ಬಾಯಿ ತೆರೆದರೆ ಸಾಕು, “ನೀ ಹುಲಿ ನೋಡಿಯೇನ? ಇಲ್ಲಲಾ? ಹಂಗಾರ ಸುಮ್ಮ ಕುಂದ್ರು,” ಎನ್ನುತ್ತಿದ್ದ. ಪುಣ್ಯಾತ್ಮನಿಗೆ ಬೇರೆ ವಾದವೇ ಬೇಕಾಗಿರಲಿಲ್ಲ. ಇವತ್ತೊಂದು ಸಲ ಹುಲಿ ಕಣ್ಣಿಗೆ ಬಿದ್ದರೆ ಆ ಮಾತಿನ ಕಾಟ ತಪ್ಪುತ್ತದೆ ಎಂದು ಅವಳು ಆಸೆಪಟ್ಟಿದ್ದಳು.

ಆದರೆ ರಾವಸಾಹೇಬ ಹುಲಿಯ ಕಡೆ ಹೆಜ್ಜೆಯನ್ನೇ ಹಾಕಲೊಲ್ಲ. ಮಂಗಗಳ ಮುಂದೆ ನೆಂಟರ ಮನೆಗೆ ಬಂದವನಂತೆ ನಿಂತ. ಗಿಳಿಗಳನ್ನು ಒಂದೊಂದಾಗಿ ಮಾತನಾಡಿಸಿದ. ಹೆಬ್ಬಾವಿನ ಮುಂದೆ ಅವನಿಗೆ ಭಕ್ತಿಯೇ ಉಕ್ಕಿತು. “ನೋಡಲೇ, ಎಷ್ಟ ಶಾಂತ ಐತಿ! ನೋಡಿದರ ಇಂಥಾದ್ದ ನೋಡಬೇಕು. ಹುಲಿಯಾಗ ಏನೈತಿ, ಬರೇ ಪಟ್ಟಿ!”

ಅವನ ತೋಳು ಹಿಡಿದು ಎಳೆದುಕೊಂಡೇ ಹೊರಟಿದ್ದ ಕಸ್ತೂರೆವ್ವ ಒಂಟೆಯ ಮುಂದೆ ತಾನೇ ನಿಂತುಬಿಟ್ಟಳು. ಮೈಗಿಂತ ಕಾಲೇ ಉದ್ದವಿದ್ದ ಮರಿಯೊಂದು ತಾಯಿಯ ಹೊಟ್ಟೆಯಡಿ ತಡವರಿಸುತ್ತಿತ್ತು.

“ಯಾವಾಗ ಈದೈತಿ?” ಎಂದು ಒಂಟೆ ನೋಡಿಕೊಳ್ಳುವ ಲಗಮಪ್ಪನನ್ನು ಕೇಳಿದಳು.

“ನಿನ್ನಿರಿ ಯವ್ವಾ.”

“ಉಡಿ ತುಂಬೀರೇನು?”

“ಸರ್ಕಸ್ಸಿನಾಗ ಉಡಿ ಯಾರ ತುಂಬತಾರ್ರಿ?” ಎಂದು ಅವನು ನಕ್ಕ.

“ಅಯ್ಯ ಶಿವನ! ಬಾಣಂತೀನ ಬರಿಗೈಲೆ ನೋಡಿ ಹೋಗೂದೇನು?” ಎನ್ನುತ್ತ ಸೆರಗಿನ ಗಂಟು ಬಿಚ್ಚಿದಳು. ತವರಿನ ಉಡಿಯನ್ನು ಮನೆಯ ದೇವರ ಮುಂದೆಯೇ ಬಿಚ್ಚಬೇಕು. ಬೇರೆ ದಿನವಾಗಿದ್ದರೆ ರಾವಸಾಹೇಬ ಬಯಲು ನಡುಗುವಂತೆ ಒದರುತ್ತಿದ್ದ. ಇವತ್ತು ಮಾತ್ರ, “ತುಂಬು, ತುಂಬು. ಸಾವಕಾಶ ತುಂಬು,” ಎಂದ.

ಕುಬಸದ ಕಣ ಒಂಟೆಯ ಕೊರಳಿಗೆ ಹೋಯಿತು. ಜೋಳ, ಬೆಲ್ಲ ಅಂಗೈಯಲ್ಲಿ ಹಿಡಿದರೆ ಒಂಟೆ ಹಸಿ ತುಟಿಯಿಂದ ಮೆಲ್ಲಗೆ ಬಾಚಿಕೊಂಡಿತು. ಕಚಗುಳಿಯಾಗಿ ಕಸ್ತೂರೆವ್ವ ಸಣ್ಣ ಹುಡುಗಿಯಂತೆ ಕಿಲಕಿಲ ನಕ್ಕಳು. ಅಷ್ಟರಲ್ಲಿ ಗೇಟು ಮುಚ್ಚುವ ಗಂಟೆ ಬಾರಿಸಿದರು. ಆ ತುದಿಯಲ್ಲಿದ್ದ ಹುಲಿಯ ಪಂಜರದ ಮೇಲೆ ತಾಡಪತ್ರಿ ಇಳಿಯಿತು. ಅವಳ ನಗೆ ನಿಂತೇ ಹೋಯಿತು. “ನನ್ನ ನಸೀಬದಾಗ ಹುಲಿ ಇಲ್ಲ ಬಿಡ್ರಿ,” ಎಂದಳು.

“ನಡಿ ನಡಿ, ಬಸ್ಸ ತಪ್ಪತೈತಿ,” ಎಂದ ರಾವಸಾಹೇಬನ ದನಿಯಲ್ಲಿ ಮಾತ್ರ ಹಬ್ಬದ ಕಳೆ.

“ನಿಂದರ್ರಿ ಯವ್ವಾ,” ಎಂದ ಲಗಮಪ್ಪ. “ನಮ್ಮ ಬಾಣಂತಿ ಉಡಿ ತುಂಬೀರಿ, ಹುಲಿ ತೋರಸದ ಹೆಂಗ ಕಳಸಲಿ?” ಇಬ್ಬರನ್ನೂ ಕರೆದೊಯ್ದು ತಾಡಪತ್ರಿಯ ಮೂಲೆ ಎತ್ತಿದ.

ಹುಲಿ ಕತ್ತು ತಿರುಗಿಸಿ ನೋಡಿತು. ಎದ್ದು ಮೈಮುರಿದು, ಇಷ್ಟಗಲ ಬಾಯಿ ತೆರೆದು ಆಕಳಿಸಿತು. “ಯವ್ವಾ, ಎಷ್ಟ ಚಂದ ಐತ್ರಿ!” ಎಂದು ಕಸ್ತೂರೆವ್ವ ಕೈಮುಗಿದೇಬಿಟ್ಟಳು. “ಬರ್ರಿ, ಮೀಸಿ ಮುಟ್ಟಿ ತೋರಸ್ರಿ,” ಎಂದು ಹಿಂದೆ ತಿರುಗಿದರೆ ಗಂಡ ನೆಲದ ಮೇಲೆ ಕುಕ್ಕರಿಸಿದ್ದ. ತಲೆಯ ರುಮಾಲು ಬಿಚ್ಚಿಕೊಂಡು ದೂರ ಉರುಳಿತ್ತು.

“ಏ ಕಸ್ತೂರಿ, ಇದು ಅಳ್ಳಾಡತೈತಲ್ಲೇ!”

“ಹುಲಿ ಅಳ್ಳಾಡದ ಇರತೈತೇನ್ರಿ?”

“ಕೊಲ್ಲಾಪುರದ್ದು ಅಳ್ಳಾಡತಿದ್ದಿಲ್ಲ,” ಎಂದು ಅವನ ಬಾಯಿ ಜಾರಿತು. ಆಮೇಲೆ ನೆಲ ನೋಡುತ್ತ ಸಣ್ಣಗೆ ಹೇಳಿದ: “ಅದರ ಹೊಟ್ಟ್ಯಾಗ ಭೂಸಾ ತುಂಬಿ ನಿಲ್ಲಿಸಿದ್ರು.”

ಕಸ್ತೂರೆವ್ವ ನಕ್ಕಳು ನೋಡಿ! ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ರುಮಾಲು ಎತ್ತಿ, ಧೂಳು ಕೊಡವಿ, ಅವನ ಕೈಗಿಟ್ಟು ಎಬ್ಬಿಸಿದಳು.

ಅಂಕಲಿಯ ಬಸ್ಸಿನಲ್ಲಿ ನೆರೆಮನೆಯ ತುಳಸವ್ವ ಸಿಕ್ಕಳು. “ಸರ್ಕಸ್ಸಿಗೆ ಹೋಗಿದ್ರೇನ? ನಾನೂ ನೋಡಬೇಕಂತ ಮಾಡಿದ್ದೆ. ಎಲ್ಲಾದ್ರಾಗ ಯಾವುದ ಛಲೋ ಇತ್ತ ಬೇ?”

ರಾವಸಾಹೇಬ ಗಡಬಡಿಸಿ ಕಿಟಕಿಯ ಕಡೆ ತಿರುಗಿದ.

“ಮದಲ ಹುಲೀನ ಛಲೋ ಅಂದಕೊಂಡಿದ್ದೆ,” ಎಂದಳು ಕಸ್ತೂರೆವ್ವ. “ಆಮ್ಯಾಲ ಒಂಟಿ ಮರಿ ನೋಡಿ ಅದರಕಿಂತಾ ಇದ ಛಲೋ ಅನಸ್ತು.”

“ಇಲ್ಲಿ ಇವತ್ತಿಗೆ ಮುಗೀತಲ್ಲ. ಅವರ ಮುಂದಿನ ಊರಿಗೆ ಹೋದರ ಎರಡೂ ಸಿಗತಾವೇನು?”

“ಸಿಗತಾವು. ಆದರ ಎಲ್ಲಾದ್ರಕಿಂತಾ ಛಲೋ ಇದ್ದದ್ದ ಮಾತ್ರ ಅಲ್ಲಿ ಸಿಗೂದಿಲ್ಲ,” ಎಂದು ಕಸ್ತೂರೆವ್ವ ಉಡಿಯಲ್ಲಿ ಉಳಿದಿದ್ದ ಬೆಲ್ಲದ ತುಣುಕನ್ನು ಗಂಡನ ಅಂಗೈಯಲ್ಲಿಟ್ಟಳು. “ಅದನ್ನ ನಾ ಮನಿಗೆ ಕರಕೊಂಡ ಹೊಂಟೇನಿ.”